ಗಣಕ ಚದುರಂಗ: ಸ್ಪರ್ಧೆ, ವೈಮನಸ್ಯ ಮತ್ತು ಕ್ರೀಡಾಧರ್ಮ

ಚದುರಂಗದ ಮಣೆಯ ಎದುರು ಇಬ್ಬರು ಮನುಷ್ಯರು ಕುಳಿತಾಗ ನಡೆಯ ಹೊಣೆ ಯಾರದೆಂಬ ಪ್ರಶ್ನೆ ಏಳುವುದಿಲ್ಲ. ಕಾಯಿಯನ್ನು ಮುಟ್ಟಿದವನೇ ಆಲೋಚಿಸಿದವನು. ಗೆದ್ದವನೂ ಸೋತವನೂ ಅಲ್ಲಿಯೇ ಇರುತ್ತಾನೆ. ಗಣಕ ಚದುರಂಗದಲ್ಲಿ ಈ ಸರಳ ಸಂಬಂಧ ಉಳಿಯುವುದಿಲ್ಲ. ಆಡುವುದು ತಂತ್ರಾಂಶ, ಅದನ್ನು ರಚಿಸಿದವನು ಅಥವಾ ಅವನ ಪ್ರತಿನಿಧಿ ಪರದೆಯ ಮೇಲೆ ಮೂಡಿದ ನಡೆಯನ್ನು ಮಣೆಗೆ ದಾಟಿಸುವ ನಿರ್ವಾಹಕ ಮಾತ್ರ. ಆದರೂ ಸೋಲಿನ ನೋವು, ಗೆಲುವಿನ ಹೆಮ್ಮೆ, ಎದುರಾಳಿಯ ಮೇಲಿನ ಸಂಶಯ ಇವೆಲ್ಲ ಮನುಷ್ಯನವೇ. ಆಟಗಾರನಲ್ಲದವನು ತೋರುವ ಔದಾರ್ಯವನ್ನು ಕ್ರೀಡಾಧರ್ಮವೆಂದು ಕರೆಯಬಹುದೆ? ಎದುರಾಳಿಯೇ ನ್ಯಾಯಾಧೀಶನಾದಾಗ ತೀರ್ಪಿನ ಬೆಲೆಯೇನು? ಈ ಕ್ಷೇತ್ರದ ಚರಿತ್ರೆಯಲ್ಲಿ ಈ ಎರಡು ಪ್ರಶ್ನೆಗಳು ಮತ್ತೆ ಮತ್ತೆ ಎದುರಾಗಿವೆ.

ಆರಂಭದ ದಶಕಗಳು

ಗಣಕಕ್ಕೆ ಚದುರಂಗವನ್ನು ಕಲಿಸುವ ಕ್ರಮವನ್ನು ಕ್ಲಾಡ್ ಶ್ಯಾನನ್ 1950ರ ತಮ್ಮ ಲೇಖನದಲ್ಲಿ ವಿವರಿಸಿದ ತರುವಾಯ ಹಲವು ದೇಶಗಳಲ್ಲಿ ಪ್ರಯೋಗಗಳು ನಡೆದವು. 1966-67ರಲ್ಲಿ ಅಮೆರಿಕದ ತಂತ್ರಾಂಶವೊಂದಕ್ಕೂ ಮಾಸ್ಕೋದ ಸಂಸ್ಥೆಯೊಂದರ ತಂತ್ರಾಂಶಕ್ಕೂ ತಂತಿಯ ಮೂಲಕ ನಾಲ್ಕು ಆಟಗಳ ಪಂದ್ಯ ನಡೆಯಿತು. ಮಾಸ್ಕೋ ಪಕ್ಷ 3-1ರಿಂದ ಗೆದ್ದಿತು. ಶೀತಲ ಸಮರದ ನಡುವೆಯೂ ತಿಂಗಳುಗಟ್ಟಲೆ ಸಾಗಿದ ಈ ಪಂದ್ಯದಲ್ಲಿ ನಡೆಯನ್ನು ಕಳಿಸಿದವರು ಪ್ರಾಮಾಣಿಕರೆಂಬ ನಂಬಿಕೆಯೇ ಆಧಾರವಾಗಿತ್ತು.

1974ರಲ್ಲಿ ಸ್ಟಾಕ್‌ಹೋಮಿನಲ್ಲಿ ನಡೆದ ಪ್ರಥಮ ವಿಶ್ವ ಗಣಕ ಚದುರಂಗ ಪಂದ್ಯಾವಳಿಯಲ್ಲಿ ಹದಿಮೂರು ತಂತ್ರಾಂಶಗಳು ಭಾಗವಹಿಸಿದವು. ಸೋವಿಯತ್ ಒಕ್ಕೂಟದ ಕಾಯಿಸ್ಸಾ ನಾಲ್ಕೂ ಸುತ್ತುಗಳನ್ನು ಗೆದ್ದು ಪ್ರಶಸ್ತಿ ಪಡೆಯಿತು. ಪ್ರಬಲವೆಂದು ಹೆಸರಾಗಿದ್ದ ಅಮೆರಿಕದ ಚೆಸ್ 4.0 ಅದಕ್ಕೆ ಎದುರಾಗಲೇ ಇಲ್ಲ. ಪಂದ್ಯಾವಳಿ ಮುಗಿದ ಮೇಲೆ ಎರಡೂ ತಂಡಗಳು ಒಪ್ಪಿ ಒಂದು ಪ್ರದರ್ಶನ ಆಟವನ್ನು ಏರ್ಪಡಿಸಿದವು. ಅದು ಸಮನಾಗಿ ಮುಗಿಯಿತು. ಪ್ರಶಸ್ತಿಯನ್ನು ಪಡೆದವರು ಮತ್ತೊಮ್ಮೆ ಪರೀಕ್ಷೆಗೆ ಒಡ್ಡಿಕೊಳ್ಳಬೇಕಾದ ಅಗತ್ಯವಿರಲಿಲ್ಲವೆಂಬುದು ಇಲ್ಲಿ ಗಮನಾರ್ಹ. ಅಂದು ಈ ಕ್ಷೇತ್ರ ಬಹುಮಟ್ಟಿಗೆ ವಿದ್ವಾಂಸರದಾಗಿತ್ತು. ಗೆಲುವಿಗಿಂತ ಯಾರ ವಿಧಾನ ಮೇಲು ಎಂಬ ಕುತೂಹಲ ಹಿರಿದಾಗಿತ್ತು.

ಒಂದೇ ಸೂರಿನಡಿಯ ಪೈಪೋಟಿ

ವಿದ್ವತ್ತಿನ ವಲಯದಲ್ಲಿಯೂ ವೈಮನಸ್ಯಕ್ಕೆ ಎಡೆಯಿಲ್ಲದಿರಲಿಲ್ಲ. 1980ರ ದಶಕದ ನಡುಭಾಗದಲ್ಲಿ ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ಎರಡು ಗುಂಪುಗಳು ಬೇರೆ ಬೇರೆಯಾಗಿ ಚದುರಂಗ ಯಂತ್ರಗಳನ್ನು ಕಟ್ಟುತ್ತಿದ್ದವು. ಅಂಚೆ ಚದುರಂಗದ ಮಾಜಿ ವಿಶ್ವ ಚಾಂಪಿಯನ್ ಹ್ಯಾನ್ಸ್ ಬರ್ಲಿನರ್ ಅವರ ಹೈಟೆಕ್ ಯಂತ್ರದಲ್ಲಿ ನಡೆಗಳನ್ನು ಹುಟ್ಟಿಸಲು ಮಣೆಯ ಪ್ರತಿ ಮನೆಗೆ ಒಂದರಂತೆ 64 ಚಿಪ್‌ಗಳಿದ್ದವು. ಸಂಶೋಧನ ವಿದ್ಯಾರ್ಥಿಯಾಗಿದ್ದ ಫೆಂಗ್-ಸಿಯುಂಗ್ ಸು ಅದೇ ಕೆಲಸವನ್ನು ಒಂದೇ ಚಿಪ್‌ನಲ್ಲಿ ಅಡಕಗೊಳಿಸಿದರು. ಅದರಿಂದ ಹುಟ್ಟಿದ ಚಿಪ್‌ಟೆಸ್ಟ್, ಮುಂದೆ ಡೀಪ್ ಥಾಟ್, ಅನಂತರ ಐ.ಬಿ.ಎಂ. ಸಂಸ್ಥೆಯ ಡೀಪ್ ಬ್ಲೂ ಆಗಿ ಬೆಳೆಯಿತು. ಆರಂಭದ ತಂಡದಲ್ಲಿ ಭಾರತೀಯ ಮೂಲದ ಥಾಮಸ್ ಅನಂತರಾಮನ್ ಪ್ರಮುಖರಾಗಿದ್ದರು.

1988ರಲ್ಲಿ ಹೈಟೆಕ್ ಗ್ರಾಂಡ್‌ಮಾಸ್ಟರ್ ಆರ್ನಲ್ಡ್ ಡೆಂಕರ್ ಅವರನ್ನು 3.5-0.5ರಿಂದ ಸೋಲಿಸಿತು, ಅದೇ ವರ್ಷ ಡೀಪ್ ಥಾಟ್ ಪಂದ್ಯಾವಳಿಯಲ್ಲಿ ಗ್ರಾಂಡ್‌ಮಾಸ್ಟರ್ ಬೆಂಟ್ ಲಾರ್ಸೆನ್ ಅವರನ್ನು ಮಣಿಸಿತು. ಎರಡು ಗುಂಪುಗಳ ನಡುವಣ ಬಿಗಿ ಸಂಬಂಧವನ್ನು ಸು 2002ರ ತಮ್ಮ ಗ್ರಂಥ ‘ಬಿಹೈಂಡ್ ಡೀಪ್ ಬ್ಲೂ’ದಲ್ಲಿ ದಾಖಲಿಸಿದ್ದಾರೆ. ಅದು ಒಂದು ಪಕ್ಷದ ನಿರೂಪಣೆಯೆಂಬುದನ್ನು ಓದುಗರು ಮರೆಯಲಾಗದು. ಆದರೆ ಈ ಮನಸ್ತಾಪಕ್ಕೆ ಒಂದು ಬಗೆಯ ನೈಜ ಪರಿಹಾರವಿತ್ತು: ಎರಡು ಯಂತ್ರಗಳ ರಚನೆಯೂ ಪ್ರಕಟಿತ ಪ್ರಬಂಧಗಳಲ್ಲಿ ತೆರೆದಿತ್ತು, ಯಾವ ಮಾರ್ಗ ಮೇಲೆಂಬುದನ್ನು ಆಟಗಳ ಫಲಿತಾಂಶವೇ ಹೇಳುತ್ತಿತ್ತು.

ಗ್ರಾಜ್ 2003: ಔದಾರ್ಯದ ತೊಡಕು

ಕ್ರೀಡಾಧರ್ಮದ ಪ್ರಶ್ನೆ ಅತ್ಯಂತ ಜಟಿಲವಾಗಿ ಎದ್ದುದು ಆಸ್ಟ್ರಿಯಾದ ಗ್ರಾಜ್ ನಗರದಲ್ಲಿ ನಡೆದ 2003ರ ವಿಶ್ವ ಪಂದ್ಯಾವಳಿಯಲ್ಲಿ. ಜರ್ಮನಿಯ ಸ್ಟೆಫಾನ್ ಮೆಯರ್-ಕಾಲೆನ್ ರಚಿಸಿದ ಶ್ರೆಡರ್ ಪ್ರಶಸ್ತಿಯ ಹಾದಿಯಲ್ಲಿತ್ತು. ಯೊಹಾನೆಸ್ ಝ್ವಾಂಜ್‌ಗರ್ ಅವರ ಜಾನಿ ತಂತ್ರಾಂಶದ ವಿರುದ್ಧ ಅದು ಗೆಲ್ಲುವ ಸ್ಥಿತಿಯನ್ನು ತಲುಪಿದ್ದರೂ ತನ್ನ ರಚನೆಯ ದೋಷವೊಂದರಿಂದ ಒಂದೇ ಸ್ಥಿತಿಯನ್ನು ಮೂರು ಬಾರಿ ಮರುಕಳಿಸಗೊಟ್ಟಿತು. ಚದುರಂಗದ ನಿಯಮದಂತೆ ಇಂತಹ ಸ್ಥಿತಿಯಲ್ಲಿ ಆಟಗಾರನು ಕೇಳಿದರೆ ಆಟ ಸಮನಾಗುತ್ತದೆ. ಜಾನಿ ತನ್ನ ಪರದೆಯಲ್ಲಿ ಇದನ್ನು ಸೂಚಿಸಿತು. ಆದರೆ ಸೋಲುತ್ತಿದ್ದ ತನಗೆ ಎದುರಾಳಿಯ ದೋಷದಿಂದ ಅರ್ಧ ಅಂಕ ಸಲ್ಲುವುದು ನ್ಯಾಯವಲ್ಲವೆಂದು ಭಾವಿಸಿದ ಝ್ವಾಂಜ್‌ಗರ್ ಆ ಹಕ್ಕನ್ನು ಕೇಳದೆ ಆಟವನ್ನು ಮುಂದುವರಿಸಿದರು. ಶ್ರೆಡರ್ ಗೆದ್ದಿತು.

ಇಬ್ಬರ ನಡುವಿನ ವ್ಯವಹಾರವಾಗಿ ನೋಡಿದರೆ ಇದು ನಿಸ್ಸಂದೇಹವಾಗಿ ಉದಾತ್ತ ನಡತೆ. ಆದರೆ ಪಂದ್ಯಾವಳಿಯಲ್ಲಿ ಮೂರನೆಯವರೂ ಇದ್ದರು. ಹನ್ನೊಂದು ಸುತ್ತುಗಳ ಕೊನೆಯಲ್ಲಿ ಶ್ರೆಡರ್ ಮತ್ತು ಫ್ರಿಟ್ಜ್ ತಲಾ 9.5 ಅಂಕಗಳೊಂದಿಗೆ ಸಮನಾದವು; ಫಲಿತಾಂಶ ಹಾಗೆಯೇ ನಿಂತಿತು; ನಿರ್ಣಾಯಕ ಪಂದ್ಯದಲ್ಲಿ ಶ್ರೆಡರ್ ಗೆದ್ದು ಚಾಂಪಿಯನ್ ಆಯಿತು. ಆ ಅರ್ಧ ಅಂಕ ಕೈತಪ್ಪಿದ್ದರೆ ಫ್ರಿಟ್ಜ್ ಒಂದೇ ಮೊದಲ ಸ್ಥಾನದಲ್ಲಿರುತ್ತಿತ್ತು. ಝ್ವಾಂಜ್‌ಗರ್ ಬಿಟ್ಟುಕೊಟ್ಟುದು ತಮ್ಮ ಅರ್ಧ ಅಂಕವನ್ನು. ಅದರ ಬೆಲೆ ತೆತ್ತವರು ಫ್ರಿಟ್ಜ್ ರಚಿಸಿದವರು. ಅಲ್ಲದೆ, ತಂತ್ರಾಂಶದ ತೀರ್ಮಾನವನ್ನು ನಿರ್ವಾಹಕನು ಸದುದ್ದೇಶದಿಂದ ಬದಲಿಸಬಹುದಾದರೆ ದುರುದ್ದೇಶದಿಂದಲೂ ಬದಲಿಸಬಹುದು. ನಿರ್ವಾಹಕನಿಗೆ ಸ್ವಂತ ಇಚ್ಛೆಯಿಲ್ಲವೆಂಬ ತತ್ತ್ವವೇ ಇಡೀ ಕ್ರೀಡೆಯ ಅಡಿಗಲ್ಲು. ಪ್ರತಿಸ್ಪರ್ಧಿಯ ಮೇಲಿನ ಗೌರವ ಈ ಅಡಿಗಲ್ಲನ್ನು ಅಲುಗಿಸಿತೆಂಬುದು ಈ ಪ್ರಸಂಗದ ವಿಷಾದ. ಅದೇ ಜಾನಿ ಹನ್ನೆರಡು ವರ್ಷಗಳ ಅನಂತರ, 2015ರಲ್ಲಿ, ಲೈಡನ್ ನಗರದಲ್ಲಿ ವಿಶ್ವ ಪ್ರಶಸ್ತಿಯನ್ನು ಗಳಿಸಿತು.

ರಿಬ್ಕಾ ಪ್ರಕರಣ: ಎದುರಾಳಿಗಳ ನ್ಯಾಯಪೀಠ

ವಾಸಿಕ್ ರಾಜ್ಲಿಕ್ ರಚಿಸಿದ ರಿಬ್ಕಾ 2007ರಿಂದ 2010ರವರೆಗೆ ನಾಲ್ಕು ಬಾರಿ ವಿಶ್ವ ಪ್ರಶಸ್ತಿ ಪಡೆಯಿತು. ಇದಕ್ಕೆ ಮುನ್ನ, 2005ರಲ್ಲಿ, ಫ್ರಾನ್ಸಿನ ಫೇಬಿಯನ್ ಲೆಟೂಝೆ ತಮ್ಮ ಫ್ರೂಟ್ ತಂತ್ರಾಂಶದ ಮೂಲಸಂಕೇತವನ್ನು ಮುಕ್ತ ಪರವಾನಗಿಯಡಿ ಎಲ್ಲರಿಗೂ ತೆರೆದಿಟ್ಟಿದ್ದರು. ರಿಬ್ಕಾ ಅದರಿಂದ ಹಾಗೂ ರಾಬರ್ಟ್ ಹಯಟ್ ಅವರ ಕ್ರಾಫ್ಟಿಯಿಂದ ಸಂಕೇತವನ್ನು ಎತ್ತಿಕೊಂಡಿದೆಯೆಂಬ ದೂರನ್ನು ಹಲವು ತಂತ್ರಾಂಶ ರಚನಾಕಾರರು 2011ರಲ್ಲಿ ಅಂತರರಾಷ್ಟ್ರೀಯ ಗಣಕ ಆಟಗಳ ಸಂಘಕ್ಕೆ ಸಲ್ಲಿಸಿದರು. ಪ್ರವೇಶ ಪಡೆಯುವ ತಂತ್ರಾಂಶ ಸ್ವಂತ ಕೃತಿಯಾಗಿರಬೇಕು, ಇತರರ ಸಂಕೇತ ಬಳಸಿದ್ದರೆ ಅವರ ಹೆಸರನ್ನು ತಿಳಿಸಬೇಕು ಎಂಬುದು ಸಂಘದ ನಿಯಮ.

ರಿಬ್ಕಾದ ಮೂಲಸಂಕೇತ ಲಭ್ಯವಿಲ್ಲದ ಕಾರಣ ತನಿಖಾ ಮಂಡಳಿ ಅದರ ಯಂತ್ರಭಾಷೆಯ ರೂಪವನ್ನೇ ಬಿಡಿಸಿ ಪರಿಶೀಲಿಸಬೇಕಾಯಿತು. ಸ್ಥಿತಿಯ ಮೌಲ್ಯಮಾಪನದ ಅಂಶಗಳು, ಪ್ರತಿ ಕಾಯಿಗೂ ಪ್ರತಿ ಮನೆಯಲ್ಲಿ ನೀಡುವ ಅಂಕಗಳ ಕೋಷ್ಟಕಗಳು ಮುಂತಾದವುಗಳ ಹೋಲಿಕೆಯೇ ಮುಖ್ಯ ಸಾಕ್ಷ್ಯ. ವಿಚಾರವನ್ನು ಕಲಿಯುವುದು ಸಾಹಿತ್ಯದಲ್ಲಿರುವಂತೆ ಇಲ್ಲಿಯೂ ಸಲ್ಲುತ್ತದೆ. ಪಾಠವನ್ನು ನಕಲಿಸುವುದು ಸಲ್ಲದು. ಇವೆರಡರ ನಡುವಿನ ಗೆರೆಯನ್ನು ಎಳೆಯುವುದೇ ವಿವಾದದ ತಿರುಳಾಯಿತು. 2011ರ ಜೂನ್‌ನಲ್ಲಿ ಸಂಘ ರಿಬ್ಕಾದ ಪ್ರಶಸ್ತಿಗಳನ್ನು ಹಿಂಪಡೆದು, ರಾಜ್ಲಿಕ್ ಅವರಿಗೆ ಆಜೀವ ನಿಷೇಧ ವಿಧಿಸಿತು. 2007ರ ಪ್ರಶಸ್ತಿ ಝಪ್ಪಾಕ್ಕೂ 2008ರದು ಹಿಯಾರ್ಕ್ಸ್‌ಗೂ ಸಂದಿತು. ರಾಜ್ಲಿಕ್ ಆರೋಪವನ್ನು ನಿರಾಕರಿಸಿದರು.

ತೀರ್ಪಿಗಿಂತ ಅದನ್ನು ಕೊಟ್ಟ ಬಗೆ ಹೆಚ್ಚು ಟೀಕೆಗೆ ಗುರಿಯಾಯಿತು. ಮಂಡಳಿಯಲ್ಲಿದ್ದವರಲ್ಲಿ ಹಲವರು ಪ್ರತಿಸ್ಪರ್ಧಿ ತಂತ್ರಾಂಶಗಳ ರಚನಾಕಾರರು. ಕ್ರಾಫ್ಟಿಯ ಕರ್ತೃ ಹಯಟ್ ಸ್ವತಃ ಮಂಡಳಿಯ ಕಾರ್ಯದರ್ಶಿಗಳಲ್ಲಿ ಒಬ್ಬರು. ಯಂತ್ರಭಾಷೆಯನ್ನು ಬಿಡಿಸಿ ಓದಬಲ್ಲ ತಜ್ಞರು ಆ ಸಣ್ಣ ವಲಯದ ಹೊರಗೆ ವಿರಳವೆಂಬುದು ನಿಜ. ಆದರೆ ತಿಳಿದವರು ನಿಷ್ಪಕ್ಷಪಾತಿಗಳೆಂದು ಹೇಳಲಾಗದು, ನಿಷ್ಪಕ್ಷಪಾತಿಗಳಿಗೆ ತಿಳಿಯದು ಎಂಬ ಇಕ್ಕಟ್ಟು ಅಲ್ಲಿ ಉಳಿಯಿತು. ವಿಶ್ವ ಚದುರಂಗ ಒಕ್ಕೂಟವಾದ ಫಿಡೆಯ ನೈತಿಕ ಆಯೋಗ 2015ರಲ್ಲಿ ರಾಜ್ಲಿಕ್ ಅವರ ಹೆಚ್ಚಿನ ಆಕ್ಷೇಪಗಳನ್ನು ಒಪ್ಪಲಿಲ್ಲ. ಆದರೆ ಆಜೀವ ನಿಷೇಧ ವಿಧಿಸಿದ್ದು ನೈತಿಕ ಸಂಹಿತೆಯ ಉಲ್ಲಂಘನೆಯೆಂದು ನಿರ್ಣಯಿಸಿ ಸಂಘಕ್ಕೆ ಎಚ್ಚರಿಕೆ ನೀಡಿತು. ಆರೋಪಿಯ ದೋಷವೂ ದಂಡಿಸಿದವರ ಅತಿರೇಕವೂ ಏಕಕಾಲದಲ್ಲಿ ನಿಜವಾಗಬಹುದೆಂಬುದನ್ನು ಈ ನಿರ್ಣಯ ತೋರಿಸಿಕೊಟ್ಟಿತು.

ಸಮಾರೋಪ

ಅನಂತರದ ವರ್ಷಗಳಲ್ಲಿ ವಿವಾದಗಳು ನ್ಯಾಯಾಲಯದ ಮೆಟ್ಟಿಲೇರಿದವು. ಮುಕ್ತ ಪರವಾನಗಿಯ ಸ್ಟಾಕ್‌ಫಿಶ್ ರಚನಾಕಾರರು ಪರವಾನಗಿಯ ಷರತ್ತುಗಳನ್ನು ಪಾಲಿಸಿಲ್ಲವೆಂದು ಜರ್ಮನಿಯ ಚೆಸ್‌ಬೇಸ್ ಸಂಸ್ಥೆಯ ವಿರುದ್ಧ 2021ರಲ್ಲಿ ದಾವೆ ಹೂಡಿದರು. 2022ರಲ್ಲಿ ಅದು ರಾಜಿಯಲ್ಲಿ ಮುಗಿಯಿತು. ಮೂಲಸಂಕೇತ ಬಹಿರಂಗವಾಗಿದ್ದಲ್ಲಿ ಸಂಶಯಕ್ಕೆ ಆಸ್ಪದ ಕಡಿಮೆ. ಯಾರು ಯಾರಿಂದ ಏನು ಪಡೆದರೆಂಬುದನ್ನು ಓದಿಯೇ ತಿಳಿಯಬಹುದು. 1974ರಲ್ಲಿ ಆರಂಭವಾದ ವಿಶ್ವ ಗಣಕ ಚದುರಂಗ ಪಂದ್ಯಾವಳಿ ಐವತ್ತನೆಯ ವರ್ಷದಲ್ಲಿ, 2024ರಲ್ಲಿ, ಸ್ಪೇನಿನ ಸ್ಯಾಂಟಿಯಾಗೊ ಡಿ ಕಂಪೊಸ್ಟೆಲಾದಲ್ಲಿ ಕೊನೆಗೊಂಡಿತು.

ಈ ಅರ್ಧ ಶತಮಾನದ ಅನುಭವದಿಂದ ಒಂದು ಮಾತು ಸ್ಪಷ್ಟವಾಗುತ್ತದೆ. ಆಡುವವನು ಯಂತ್ರವಾಗಿ, ಅದರ ಒಳಗು ಇತರರಿಗೆ ಮರೆಯಾಗಿರುವಲ್ಲಿ ವ್ಯಕ್ತಿಗತ ಸಜ್ಜನಿಕೆಯೊಂದೇ ಕ್ರೀಡಾಧರ್ಮವನ್ನು ಕಾಯಲಾರದು. ಗ್ರಾಜ್‌ನಲ್ಲಿ ಸಜ್ಜನಿಕೆ ನಿಯಮವನ್ನು ಮೀರಿತು. ರಿಬ್ಕಾ ಪ್ರಕರಣದಲ್ಲಿ ನಿಯಮವನ್ನು ಎತ್ತಿಹಿಡಿದವರ ನಿಷ್ಪಕ್ಷಪಾತವೇ ಪ್ರಶ್ನೆಗೆ ಒಳಗಾಯಿತು. ತೆರೆದ ಮೂಲಸಂಕೇತ, ಇಚ್ಛೆಯನ್ನು ಹೇರದ ನಿರ್ವಾಹಕ, ಸ್ಪರ್ಧೆಯಲ್ಲಿ ಪಾಲಿಲ್ಲದ ತೀರ್ಪುಗಾರ ಈ ಮೂರೂ ಒಟ್ಟಿಗೆ ಇದ್ದಾಗ ಮಾತ್ರ ಎದುರಾಳಿಗಳ ನಡುವಿನ ಗೌರವ ಅರ್ಥಪೂರ್ಣವಾಗುತ್ತದೆ.