ತಕ್ಕಡಿ ಅವರದ, ಕಲ್ಲೂ ಅವರದ!

ಅವ್ವನಿಗೆ ಸ್ತನ ಕ್ಯಾನ್ಸರ್. ಆಪರೇಷನ್ ಆದಮೇಲೆ ರೇಡಿಯೋಥೆರಪಿ: ದಿನಕ್ಕೆ 2 ಗ್ರೇ, ಒಟ್ಟು 25 ಸಲ. ಗ್ರೇ ಅಂದರೆ ದೇಹ ಹೀರಿಕೊಂಡ ವಿಕಿರಣದ ಅಳತೆ. ಮೆಣಸಗಿಯಿಂದ ದಿನಾ ಓಡಾಡುವುದು ಆಗದ ಮಾತು. ಹುಬ್ಬಳ್ಳಿಯಲ್ಲೇ ರೂಮ್ ಮಾಡಿ, ಲ್ಯಾಪ್‌ಟಾಪ್ ಹಿಡಿದು ನಾನೂ ಜೊತೆಗಿದ್ದೆ.

ಮೂರನೇ ದಿನ ಅವ್ವ ಕೇಳಿದಳು: "ತಮ್ಮಾ, ತಕ್ಕಡಿ ಅವರದ, ಕಲ್ಲೂ ಅವರದ. ಹೆಚ್ಚು ಬಿತ್ತೋ ಕಮ್ಮಿ ಬಿತ್ತೋ ನೋಡಾವ್ರು ಯಾರು?" ಹೆಸರುಕಾಳು ಮಾರಲು ಹೋಗಿ ತೂಕದಲ್ಲಿ ಮೋಸಹೋದವಳ ಪ್ರಶ್ನೆ ಅದು.

"ಕಂಪ್ಯೂಟರ್ ನೋಡ್ಕೋತೈತಿ ಬಿಡಬೇ" ಅಂದೆ. ಅಂದಮೇಲೆ ನನಗೇ ನಾಚಿಕೆಯಾಯಿತು. ನಾನು ಸಾಫ್ಟ್‌ವೇರ್ ಬರೆಯುವವನು. ಥೆರಾಕ್-25 ಕಥೆ ಓದಿದವನು. 1985ರಿಂದ 1987ರ ನಡುವೆ ಅಮೆರಿಕ, ಕೆನಡಾಗಳಲ್ಲಿ ಆ ಯಂತ್ರ ಕನಿಷ್ಠ ಆರು ರೋಗಿಗಳಿಗೆ ವಿಪರೀತ ಡೋಸ್ ಕೊಟ್ಟಿತ್ತು. ಸಾಫ್ಟ್‌ವೇರ್ ದೋಷವೂ ಕಾರಣವಾಗಿತ್ತು. ಟೆಕ್ಸಾಸ್‌ನ ಒಂದು ಪ್ರಕರಣದಲ್ಲಂತೂ ರೋಗಿಯ ಮೈ ಸುಡುತ್ತಿದ್ದರೆ, ಪರದೆ ಮಾತ್ರ ಡೋಸ್ ಕಡಿಮೆ ಬಿದ್ದಿದೆ ಎಂದು ತೋರಿಸುತ್ತಿತ್ತು!

ಮರುದಿನ ಧೈರ್ಯ ಮಾಡಿ ಆಸ್ಪತ್ರೆಯ ಮೆಡಿಕಲ್ ಫಿಸಿಸಿಸ್ಟ್ ಅವರನ್ನೇ ಕೇಳಿದೆ. ಅವರು ಬೇಸರಿಸಲಿಲ್ಲ. ಪುಟ್ಟ ಬಿಳಿ ಚಿಪ್ ತೋರಿಸಿದರು, ಕಾಳಿನಷ್ಟೇ ಇತ್ತು. ಅದು ಲಿಥಿಯಂ ಫ್ಲೋರೈಡ್ ಹರಳು, ಹೆಸರು ಟಿಎಲ್‌ಡಿ. ವಿಕಿರಣ ಬಿದ್ದಾಗ ಅದರೊಳಗಿನ ಎಲೆಕ್ಟ್ರಾನ್‌ಗಳು ಹರಳಿನ ಕೊರತೆಗಳಲ್ಲಿ ಸಿಕ್ಕಿಕೊಳ್ಳುತ್ತವೆ. ಆಮೇಲೆ ಕಾಯಿಸಿದರೆ ಬಿಡುಗಡೆಯಾಗಿ ಬೆಳಕು ಚೆಲ್ಲುತ್ತವೆ. ಎಷ್ಟು ಬೆಳಕೋ ಅದರಿಂದ ಡೋಸ್‌ನ ಲೆಕ್ಕ. ಪರದೆ ಏನು ಹೇಳುತ್ತಿದೆ ಎಂಬುದು ಆ ಹರಳಿಗೆ ಗೊತ್ತೇ ಇಲ್ಲ. ಅದೇ ಅದರ ದೊಡ್ಡ ಗುಣ.

ಇದೇ ನಂಬಿಕೆಯ ಮೇಲೆ 1969ರಿಂದ ಅಂತಾರಾಷ್ಟ್ರೀಯ ಅಣುಶಕ್ತಿ ಸಂಸ್ಥೆ ಮತ್ತು ವಿಶ್ವ ಆರೋಗ್ಯ ಸಂಸ್ಥೆ ಆಸ್ಪತ್ರೆಗಳಿಗೆ ಅಂಚೆಯಲ್ಲಿ ಡೋಸಿಮೀಟರ್ ಕಳಿಸುತ್ತಿವೆ. ಆಸ್ಪತ್ರೆ ಅದಕ್ಕೆ 2 ಗ್ರೇ ಕೊಟ್ಟು ವಾಪಸ್ ಕಳಿಸಬೇಕು. ವ್ಯತ್ಯಾಸ ಶೇ. 5 ದಾಟಿದರೆ ಮತ್ತೆ ಪರೀಕ್ಷೆ. ನಮ್ಮಲ್ಲಿ ಆಸ್ಪತ್ರೆ ಸಿಬ್ಬಂದಿ ಎದೆಗೆ ಸಿಕ್ಕಿಸುವ ಬ್ಯಾಡ್ಜಿನಲ್ಲೂ ಇಂಥದ್ದೇ ವಸ್ತು ಇದೆ: ಭಾಭಾ ಅಣು ಸಂಶೋಧನಾ ಕೇಂದ್ರ ರೂಪಿಸಿದ, ಡಿಸ್ಪ್ರೋಸಿಯಂ ಬೆರೆಸಿದ ಕ್ಯಾಲ್ಸಿಯಂ ಸಲ್ಫೇಟ್.

ಆ ವಾರ ಅವ್ವನ ಎದೆಯ ಮೇಲೂ ಎರಡು ಚಿಪ್ ಅಂಟಿಸಿದರು. ಫಲಿತಾಂಶ ಲೆಕ್ಕಕ್ಕೆ ತಾಳೆಯಾಯಿತು.

"ಅಂದ್ರ ಬ್ಯಾರೆ ತಕ್ಕಡ್ಯಾಗ ತೂಗಿದಂಗಾತು" ಅಂದಳು ಅವ್ವ. ಅವತ್ತು ರಾತ್ರಿ ಚೆನ್ನಾಗಿ ನಿದ್ದೆ ಮಾಡಿದಳು.

ನಿಮ್ಮ ಮನೆಯವರಿಗೂ ಈ ಚಿಕಿತ್ಸೆ ನಡೆಯುತ್ತಿದ್ದರೆ ಒಮ್ಮೆ ಕೇಳಿ: "ಡೋಸ್ ಹೇಗೆ ಚೆಕ್ ಮಾಡ್ತೀರಿ?" ಕೇಳುವುದರಲ್ಲಿ ತಪ್ಪಿಲ್ಲ.