ಗಾಡಿ ಕೇಳುವ ಗೇರು

ಹೈದರಾಬಾದಿನ ಕಾಚಿಗೂಡ ರೈಲು ನಿಲ್ದಾಣದ ಪಾರ್ಸೆಲ್ ಆಫೀಸಿನ ಬಳಿ ಗೋಣಿತಾಟು ಸುತ್ತಿದ ಬೈಕುಗಳು ಇಳಿಯುವುದನ್ನು ಈ ಭಾಗದ ಕನ್ನಡಿಗರು ನೋಡಿಯೇ ಇರುತ್ತಾರೆ. ಬೆಂಗಳೂರು, ಮೈಸೂರು ಕಡೆಯಿಂದ ವರ್ಗವಾಗಿ ಬಂದವರ, ಕೆಲಸ ಸಿಕ್ಕಿ ಬಂದ ಹುಡುಗರ ಗಾಡಿಗಳು ಅವು. ಟ್ಯಾಂಕಿನಲ್ಲಿ ಪೆಟ್ರೋಲ್ ಇದ್ದರೆ ರೈಲ್ವೆಯವರು ಬುಕ್ ಮಾಡಿಕೊಳ್ಳುವುದಿಲ್ಲವಾದ್ದರಿಂದ ಬಂಕಿನವರೆಗೆ ತಳ್ಳಿಕೊಂಡೇ ಹೋಗಬೇಕು. ಅಲ್ಲಿಂದ ಹೊರಟು ಕೋಟಿ ಕಡೆಗೋ ಬರ್ಕತ್‌ಪುರದ ಕಡೆಗೋ ತಿರುಗಿದರೆ ಸಾಕು, ಸವಾರನಿಗೆ ಗೇರು ಹಾಕಲು ಬರುತ್ತದೋ ಇಲ್ಲವೋ ಗೊತ್ತಾಗಿಬಿಡುತ್ತದೆ. ನಿಲ್ದಾಣವನ್ನು ನಿಜಾಮರ ಆಡಳಿತ ಕಟ್ಟಿಸಿದ್ದು 1916ರಲ್ಲಿ, ಮೋಟಾರು ಗಾಡಿ ಇನ್ನೂ ಅಪರೂಪವಾಗಿದ್ದ ಕಾಲದಲ್ಲಿ. ಈಗ ಆ ಸುತ್ತಿನಲ್ಲಿ ಆರ್‌ಟಿಸಿ ಬಸ್ಸು, ಆಟೊ, ತಳ್ಳುಗಾಡಿ, ಹಂಪು ಎಲ್ಲವೂ ಒಂದರ ಹಿಂದೆ ಒಂದು ಎದುರಾಗುತ್ತವೆ. ನೂರು ಮೀಟರ್ ದೂರವನ್ನು ಒಂದೇ ವೇಗದಲ್ಲಿ ಹೋಗಲು ಆಗುವುದಿಲ್ಲ.

ಸಂಜೆ ಕಾಚಿಗೂಡ ಚೌರಸ್ತಾದಲ್ಲಿ ನಿಂತು ಸ್ವಲ್ಪ ಹೊತ್ತು ಕಿವಿಗೊಟ್ಟು ಕೇಳಿ. ಹಿಂದೆ ಹೆಂಡತಿ, ಟ್ಯಾಂಕಿನ ಮೇಲೆ ಮಗು, ಹ್ಯಾಂಡಲಿಗೆ ತರಕಾರಿ ಚೀಲ. ಗಾಡಿ ನೂರು ಸಿಸಿಯದು. ಬಸ್ಸಿನ ಹಿಂದೆ ವೇಗ ಇಪ್ಪತ್ತಕ್ಕೆ ಇಳಿದಿದೆ, ಗೇರು ಮಾತ್ರ ಇನ್ನೂ ನಾಲ್ಕರಲ್ಲೇ ಇದೆ. ಬಸ್ಸು ಪಕ್ಕಕ್ಕೆ ಸರಿದ ಕೂಡಲೇ ಸವಾರ ಎಕ್ಸಲೇಟರ್ ತಿರುವುತ್ತಾನೆ. ಗಾಡಿ ಏಳುವುದಿಲ್ಲ. ಎಂಜಿನ್ ಗುಡುಗುಡು ನಡುಗುತ್ತದೆ, ಚೈನ್ ಕವರಿಗೆ ಬಡಿದು ಸದ್ದು ಮಾಡುತ್ತದೆ, ಫುಟ್‌ರೆಸ್ಟಿನವರೆಗೂ ಆ ಒದ್ದಾಟ ಬರುತ್ತದೆ. ಅವನು ಇನ್ನಷ್ಟು ತಿರುವುತ್ತಾನೆ. ಬೇಕಾಗಿದ್ದದ್ದು ಒಂದೋ ಎರಡೋ ಗೇರು ಇಳಿಸುವುದು, ಅಷ್ಟೇ.

ಏಕೆ ಇಳಿಸುವುದಿಲ್ಲ ಎಂದು ಕೇಳಿದರೆ ಬರುವ ಉತ್ತರ ಒಂದೇ: ಟಾಪ್ ಗೇರಿನಲ್ಲಿದ್ದರೆ ಮೈಲೇಜ್ ಬರುತ್ತದೆ. ಇದು ಅರ್ಧ ನಿಜ. ಸಮತಟ್ಟಾದ, ಬಿಡುವಾದ ರಸ್ತೆಯಲ್ಲಿ ನಲವತ್ತೈದು ಐವತ್ತರ ವೇಗದಲ್ಲಿ ಒಂದೇ ಸಮ ಹೋಗುವಾಗ ಟಾಪ್ ಗೇರೇ ಸರಿ. ಎಂಜಿನ್ ಕಡಿಮೆ ಸುತ್ತು ತಿರುಗುತ್ತದೆ, ಪೆಟ್ರೋಲ್ ಉಳಿಯುತ್ತದೆ. ಆದರೆ ಆ ಲೆಕ್ಕ ಎಂಜಿನ್ನಿಗೆ ಹೊರೆ ತಡೆಯುವಷ್ಟು ಸುತ್ತು ಇರುವವರೆಗೆ ಮಾತ್ರ.

ನಮ್ಮ ಬೀದಿಗಳಲ್ಲಿ ಹೆಚ್ಚು ಕಾಣುವ ಸ್ಪ್ಲೆಂಡರ್ ಗಾಡಿಯನ್ನೇ ತೆಗೆದುಕೊಳ್ಳೋಣ. 97.2 ಸಿಸಿಯ ಅದರ ಎಂಜಿನ್ ಎಳೆಯುವ ಬಲದ ತುದಿ ಮುಟ್ಟುವುದು ನಿಮಿಷಕ್ಕೆ 6,000 ಸುತ್ತಿನ ಹೊತ್ತಿಗೆ, ಪೂರ್ಣ ಶಕ್ತಿ ಕೊಡುವುದು 8,000ದಲ್ಲಿ. ಈ ವರ್ಗದ ಗಾಡಿಗಳಲ್ಲಿ ಹಿಂದಿನ ಚಕ್ರ ಒಂದು ಸುತ್ತು ತಿರುಗಲು ಎಂಜಿನ್ ಮೊದಲ ಗೇರಿನಲ್ಲಿ ಮೂವತ್ತರ ಆಸುಪಾಸು ತಿರುಗುತ್ತದೆ, ನಾಲ್ಕನೆಯದರಲ್ಲಿ ಹತ್ತರ ಆಸುಪಾಸು. ಹಾಗಾಗಿ ಗಂಟೆಗೆ 25 ಕಿಲೋಮೀಟರ್ ವೇಗದಲ್ಲಿ ಟಾಪ್ ಗೇರ್ ಇದ್ದರೆ ಎಂಜಿನ್ ಹೆಚ್ಚುಕಡಿಮೆ 2,300 ಸುತ್ತಿನಲ್ಲಿರುತ್ತದೆ. ಅದು ಐಡ್ಲಿಂಗಿಗಿಂತ ಅಷ್ಟೇನೂ ಮೇಲಲ್ಲ. ಅದೇ ವೇಗದಲ್ಲಿ ಎರಡನೇ ಗೇರಿಗೆ ಬಂದರೆ ನಾಲ್ಕು ಸಾವಿರ ದಾಟುತ್ತದೆ, ಕೈ ತಿರುವಿದ ತಕ್ಷಣ ಗಾಡಿ ಮುನ್ನುಗ್ಗುತ್ತದೆ. ಮೂವರನ್ನು ಹೊತ್ತು ನಾಲ್ಕನೇ ಗೇರಿನಲ್ಲೇ ಏರು ಹತ್ತಿಸುವುದೆಂದರೆ ತಲೆಯ ಮೇಲೆ ಅಕ್ಕಿ ಮೂಟೆ ಇಟ್ಟುಕೊಂಡು ಮೆಟ್ಟಿಲನ್ನು ಮೂರು ಮೂರಾಗಿ ಹಾರಿದ ಹಾಗೆ.

ಇದರ ಪೆಟ್ಟು ಒಳಗೆ ಬೀಳುತ್ತದೆ. ಸುತ್ತು ಕಡಿಮೆ, ಹೊರೆ ಹೆಚ್ಚು ಎಂದಾಗ ಪಿಸ್ಟನ್ನಿನ ಮೇಲಿನ ಒಂದೊಂದು ಸ್ಫೋಟವೂ ಕ್ರ್ಯಾಂಕ್ ಬೇರಿಂಗನ್ನು ಜೋರಾಗಿ ಗುದ್ದುತ್ತದೆ. ಆಯಿಲ್ ಪಂಪ್ ತಿರುಗುವುದು ಎಂಜಿನ್ ಜೊತೆಯಲ್ಲೇ ಆದ್ದರಿಂದ ಆಯಿಲ್ ಹರಿವು ಕೂಡ ಅದೇ ಹೊತ್ತಿನಲ್ಲಿ ಕಡಿಮೆ. ಗಾಳಿಯಿಂದಲೇ ತಣ್ಣಗಾಗಬೇಕಾದ ಎಂಜಿನ್ನಿಗೆ ಹೈದರಾಬಾದಿನ ಮೇ ತಿಂಗಳ ಬಿಸಿಲಲ್ಲಿ, ಅದೂ ಟ್ರಾಫಿಕ್ಕಿನಲ್ಲಿ, ಗಾಳಿಯೂ ಸಿಗುವುದಿಲ್ಲ. ಬಿಸಿ ಏರಿ ನಾಕಿಂಗ್ ಶುರುವಾಗುತ್ತದೆ, ಹಿಡಿ ಕಲ್ಲನ್ನು ಡಬ್ಬಿಯಲ್ಲಿ ಕುಲುಕಿದಂಥ ಸದ್ದು ಅದು. ಎಂಜಿನ್ ಕಿರುಚುವುದಕ್ಕೆ ಹೆದರುವವರು ಬಹಳ ಜನ, ಹೀಗೆ ನರಳುವುದಕ್ಕೆ ಹೆದರುವವರು ಕಡಿಮೆ. ನನ್ನ ಮಟ್ಟಿಗೆ, ಪಟ್ಟಣದ ಗಾಡಿಗಳು ಕೆಡುವುದು ಹೆಚ್ಚಾಗಿ ಎರಡನೆಯದರಿಂದಲೇ.

ಕೆಲವರು ಗೇರು ಇಳಿಸುವ ಬದಲು ಹಾಫ್ ಕ್ಲಚ್ ಹಿಡಿಯುತ್ತಾರೆ. ಗಾಡಿ ಹೊರಡುವಾಗ, ಅಂಗುಲ ಅಂಗುಲ ಸರಿಯುವಾಗ ಅದು ಬೇಕು. ಮೂರನೇ ಗೇರಿನಲ್ಲಿ ಚಾದರ್‌ಘಾಟಿನವರೆಗೂ ಹಾಗೇ ಹಿಡಿದುಕೊಂಡು ಹೋದರೆ ಕ್ಲಚ್ ಪ್ಲೇಟು ಉಜ್ಜಿ ಉಜ್ಜಿ ಸವೆಯುತ್ತದೆ. ಎಂಜಿನ್ ಕೂಗುತ್ತಿದ್ದರೂ ಗಾಡಿ ಮುಂದೆ ಹೋಗದ ಸ್ಥಿತಿ ಬಂದಾಗ ಪಿಕಪ್ ಹೋಗಿದೆ ಎಂದು ಮೆಕ್ಯಾನಿಕ್ ಹತ್ತಿರ ಬರುವುದು ಇಂಥವರೇ.

ಮನೆಯಲ್ಲಿ ಎರಡು ಥರದ ಗಾಡಿ ಇರುವವರಿಗೆ ಇನ್ನೊಂದು ಎಚ್ಚರಿಕೆ ಬೇಕು. ಸ್ಪ್ಲೆಂಡರಿನಲ್ಲಿ ನಾಲ್ಕೂ ಗೇರು ಕಾಲ ಬೆರಳಿನಿಂದ ಮುಂದಕ್ಕೆ ಒತ್ತುವಂಥವು. ಪಲ್ಸರ್ 150ರಲ್ಲಿ ಒಂದು ಕೆಳಗೆ, ನಾಲ್ಕು ಮೇಲೆ. ಅಪ್ಪನ ಗಾಡಿಯಲ್ಲಿ ಕಲಿತ ಹುಡುಗ ಗೆಳೆಯನ ಪಲ್ಸರ್ ಏರಿ, ಐವತ್ತರ ವೇಗದಲ್ಲಿ ಮೇಲಿನ ಗೇರಿಗೆಂದು ಅಭ್ಯಾಸಬಲದಿಂದ ಒತ್ತಿದರೆ ಬೀಳುವುದು ಕೆಳಗಿನ ಗೇರು. ಎಂಜಿನ್ ಒಮ್ಮೆಲೇ ಚಕ್ರವನ್ನು ಹಿಡಿದೆಳೆಯುತ್ತದೆ, ಒದ್ದೆ ರಸ್ತೆಯಾದರೆ ಹಿಂದಿನ ಟೈರು ಜಾರುತ್ತದೆ. ಹಳೆಯ ಬುಲೆಟ್ಟಿನ ಕಥೆ ಇನ್ನೂ ಬೇರೆ. ಅಲ್ಲಿ ಗೇರು ಬಲಗಾಲಿಗೆ, ಬ್ರೇಕು ಎಡಗಾಲಿಗೆ, ಒಂದು ಮೇಲೆ, ಮೂರು ಕೆಳಗೆ. ಬೇರೆಯವರ ಗಾಡಿ ಹತ್ತಿದಾಗ ಬೀದಿಗಿಳಿಯುವ ಮುಂಚೆ ಸ್ಟ್ಯಾಂಡ್ ಹಾಕಿಯೇ ಒಂದು ಸಲ ಗೇರು ಏರಿಸಿ ಇಳಿಸಿ ನೋಡುವುದು ಒಳ್ಳೆಯದು.

ಗೇರಿನ ನಿಜವಾದ ಬೆಲೆ ತಿಳಿಯುವುದು ಇಳಿಜಾರಿನಲ್ಲಿ. ಕರ್ನಾಟಕದವರಿಗೆ ಶ್ರೀಶೈಲದ ಮಲ್ಲಯ್ಯ ಮನೆದೇವರಿದ್ದಂತೆ. ಯುಗಾದಿಗೆ ಉತ್ತರ ಕರ್ನಾಟಕದಿಂದ ಕಾಲ್ನಡಿಗೆಯಲ್ಲಿ ಹೋಗುವ ಸಾವಿರಾರು ಜನರಂತೆ ಹೈದರಾಬಾದಿನ ಕನ್ನಡಿಗರಲ್ಲೂ ಬೈಕಿನಲ್ಲಿ ಹೋಗಿಬರುವವರಿದ್ದಾರೆ. ಇನ್ನೂರು ಕಿಲೋಮೀಟರಿಗೂ ಹೆಚ್ಚಿನ ದಾರಿ, ಕೊನೆಯಲ್ಲಿ ನಲ್ಲಮಲ ಕಾಡು. ಅಮ್ರಾಬಾದ್ ಹುಲಿ ರಕ್ಷಿತಾರಣ್ಯದ ಮೂಲಕ ರಾತ್ರಿ ಹೊತ್ತು ಬಿಡುವುದಿಲ್ಲ, ಬೆಳಗಾಗುವುದನ್ನೇ ಕಾದು ಹೊರಡಬೇಕು. ಕಾಡು ಮುಗಿಯುತ್ತಾ ಬಂದಂತೆ ರಸ್ತೆ ತಿರುವು ತಿರುವಾಗಿ ಕೃಷ್ಣೆಯ ಕಡೆಗೆ, ಅಣೆಕಟ್ಟಿನ ಕಡೆಗೆ ಇಳಿಯುತ್ತದೆ. ಇಲ್ಲೇ ಬಹಳ ಜನ ಗಾಡಿಯನ್ನು ನ್ಯೂಟ್ರಲ್ ಮಾಡಿ, ಕೆಲವರು ಕೀ ಕೂಡ ಆರಿಸಿ, ಪೆಟ್ರೋಲ್ ಉಳಿಸುತ್ತೇವೆಂದು ಜಾರಿಸಿಕೊಂಡು ಹೋಗುತ್ತಾರೆ. ಆಗ ಪೂರ್ತಿ ಭಾರ ಬ್ರೇಕಿನ ಮೇಲೆ. ಡ್ರಮ್ ಬ್ರೇಕ್ ಶೂಗಳು ಕಾಯ್ದು, ಬೇಕಾದ ತಿರುವಿನಲ್ಲೇ ಹಿಡಿತ ಬಿಟ್ಟುಕೊಡುತ್ತವೆ.

ಮಾಡಬೇಕಾದ್ದು ಸರಳ. ಇಳಿಜಾರು ಶುರುವಾಗುವ ಮುಂಚೆಯೇ ಎರಡಕ್ಕೋ ಮೂರಕ್ಕೋ ಬಂದು, ಕ್ಲಚ್ ಪೂರ್ತಿ ಬಿಟ್ಟು, ಎಕ್ಸಲೇಟರ್ ಮುಚ್ಚಿ ಎಂಜಿನ್ನಿಗೇ ಗಾಡಿಯನ್ನು ಹಿಡಿಯಲು ಬಿಡಬೇಕು. ಗೇರನ್ನು ತಿರುವಿನ ಮೊದಲೇ ಬದಲಿಸಬೇಕು, ಗಾಡಿ ವಾಲಿದ ಮೇಲೆ ಅಲ್ಲ. ಇಳಿಸುವುದೂ ಒಂದೊಂದಾಗಿ; ಪ್ರತಿ ಸಲ ಕ್ಲಚ್ ಹಿಡಿದಾಗ ಒಂದಿಷ್ಟು ರೇಸ್ ಕೊಟ್ಟು ಬಿಟ್ಟರೆ ಗಾಡಿ ಜಗ್ಗುವುದಿಲ್ಲ. ಪೆಟ್ರೋಲಿನ ಲೆಕ್ಕವೂ ಈಗ ತಿರುಗುಮುರುಗಾಗಿದೆ. 2020ರ ಏಪ್ರಿಲ್ 1ರಿಂದ ಬಂದ ಬಿಎಸ್6 ನಿಯಮದ ನಂತರ ಹೆಚ್ಚಿನ ಬೈಕುಗಳಿಗೆ ಫ್ಯುಯೆಲ್ ಇಂಜೆಕ್ಷನ್ ಬಂದಿದೆ. ಗೇರಿನಲ್ಲಿದ್ದು ಎಕ್ಸಲೇಟರ್ ಮುಚ್ಚಿದಾಗ ಇವುಗಳಲ್ಲಿ ಬಹುಪಾಲು ಗಾಡಿಗಳು ಪೆಟ್ರೋಲ್ ಸಿಂಪಡಿಸುವುದನ್ನೇ ನಿಲ್ಲಿಸುತ್ತವೆ. ಎಂಜಿನ್ ಚಾಲೂ ಇಟ್ಟು ನ್ಯೂಟ್ರಲ್ ಮಾಡಿದರೆ ಐಡ್ಲಿಂಗಿಗಾದರೂ ಪೆಟ್ರೋಲ್ ಬೇಕೇ ಬೇಕು.

ಹಳೆಯ ಟೂ ಸ್ಟ್ರೋಕ್ ಪ್ರೀತಿಯಿಂದ ಇಟ್ಟುಕೊಂಡವರಿಗೆ ಈ ಮಾತು ಹಾಗೆಯೇ ಒಗ್ಗುವುದಿಲ್ಲ. ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿದರೂ ಅಲ್ಲಿ ತಯಾರಾದ ಜಾವಾ, ಯೆಜ್ಡಿಗಳು ಇನ್ನೂ ಓಡುತ್ತಿವೆ. ಕಿಕ್ಕರ್ ಮತ್ತು ಗೇರ್ ಲಿವರ್ ಎರಡೂ ಒಂದೇ ಆಗಿದ್ದ ಗಾಡಿ ಅದು. ಅದರ ಆಯಿಲ್ ಪೆಟ್ರೋಲಿನಲ್ಲೇ ಬೆರೆತಿರುತ್ತದೆ. ಉದ್ದನೆಯ ಇಳಿಜಾರಿನಲ್ಲಿ ಎಕ್ಸಲೇಟರ್ ಮುಚ್ಚಿ, ಸುತ್ತು ಏರಿಸಿಕೊಂಡು ಹೋದರೆ ಪೆಟ್ರೋಲಿನ ಜೊತೆ ಆಯಿಲೂ ನಿಂತು ಪಿಸ್ಟನ್ ಸೀಜ್ ಆಗುವ ಅಪಾಯವಿದೆ. ಹಾಗಾಗಿ ಆಗಾಗ ಎಕ್ಸಲೇಟರ್ ಸ್ವಲ್ಪ ತೆರೆದು ಆಯಿಲ್ ಕುಡಿಸುತ್ತಾ ಇಳಿಯಬೇಕು, ಬ್ರೇಕನ್ನು ಹೆಚ್ಚು ನಂಬಬೇಕು.

ಇದೆಲ್ಲ ಕಾನೂನಿಗೆ ಗೊತ್ತಿಲ್ಲದ್ದೇನಲ್ಲ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 15ನೇ ನಿಯಮ ಚಾಲನಾ ಪರೀಕ್ಷೆಯಲ್ಲಿ ಏನೇನು ನೋಡಬೇಕೆಂದು ಹೇಳುವಾಗ, ಇಳಿಜಾರಿನಲ್ಲಿ ಬೇಗ ಕೆಳಗಿನ ಗೇರಿಗೆ ಬದಲಿಸುವುದನ್ನೂ, ಏರಿನಲ್ಲಿ ನಿಲ್ಲಿಸಿದ ಗಾಡಿಯನ್ನು ಹಿಂದೆ ಜಾರದಂತೆ ಹೊರಡಿಸುವುದನ್ನೂ ಸೇರಿಸಿದೆ. ಎಂಟು ಆಕಾರದ ಟ್ರ್ಯಾಕಿನಲ್ಲಿ ಕಾಲು ನೆಲಕ್ಕೆ ತಾಗಿಸದೆ ಸುತ್ತಿ ಬಂದ ಹುಡುಗನಿಗೆ ಇವೆರಡೂ ಬರುತ್ತವೆ ಎಂದು ಹೇಳಲಾಗದು. ಹದಿನೆಂಟು ತುಂಬಿ ಗೇರಿನ ಗಾಡಿಯ ಲೈಸೆನ್ಸ್ ಪಡೆದವರನ್ನು ಮನೆಯ ಹಿರಿಯರು ಒಂದು ಭಾನುವಾರ ಬೆಳಿಗ್ಗೆ, ರಸ್ತೆ ಖಾಲಿ ಇರುವಾಗ, ಹತ್ತಿರದ ಯಾವುದಾದರೂ ಫ್ಲೈಓವರಿಗೆ ಕರೆದುಕೊಂಡು ಹೋಗಲಿ. ಹಿಂದೆ ಕೂತು, ಹತ್ತುವಾಗ ಮೂರಕ್ಕೆ ಇಳಿಸಲು ಹೇಳಲಿ, ಇಳಿಯುವಾಗ ಬ್ರೇಕ್ ಮುಟ್ಟುವ ಮೊದಲು ಎಂಜಿನ್ ಎಷ್ಟು ಹಿಡಿಯುತ್ತದೆಂದು ತೋರಿಸಲಿ. ಸ್ಪೀಡೋಮೀಟರ್ ನೋಡದೆ ಸದ್ದಿನಿಂದಲೇ ಗೇರು ಬದಲಿಸಲು ಕಲಿತ ಮೇಲೆ ಕಾಚಿಗೂಡದ ಸಂಜೆಯ ಟ್ರಾಫಿಕ್ಕಿಗೆ ಬಿಡಬಹುದು.