ಏರುವ ಕಡಲು, ಉಪ್ಪಾಗುವ ಬಾವಿ

ಉಪ್ಪಿಗಿಂತ ರುಚಿಯಿಲ್ಲ, ತಾಯಿಗಿಂತ ಬಂಧುವಿಲ್ಲ ಎಂಬುದು ಕನ್ನಡದ ಹಳೆಯ ಗಾದೆ. ಅಡಿಗೆಯಲ್ಲಿ ಹಿತಮಿತವಾಗಿದ್ದಾಗ ರುಚಿಯನ್ನು ಕೊಡುವ ಈ ಉಪ್ಪು, ಕುಡಿಯುವ ನೀರಿನಲ್ಲಿ ಬೆರೆತು ಯಾರ ಲೆಕ್ಕಕ್ಕೂ ಸಿಗದೆ ದೇಹವನ್ನು ಸೇರತೊಡಗಿದರೆ ಆರೋಗ್ಯಕ್ಕೆ ಹಾನಿಯನ್ನು ಉಂಟುಮಾಡಬಲ್ಲದು. ಕಡಲ ಮಟ್ಟ ಏರುತ್ತಿದೆ ಎಂದೊಡನೆ ಕೊಚ್ಚಿಹೋದ ತೆಂಗಿನ ಮರ, ಕುಸಿದು ಬಿದ್ದ ಮನೆಯ ಗೋಡೆ ಕಣ್ಣಿಗೆ ಕಟ್ಟುತ್ತವೆ. ಆದರೆ ಕಡಲು ಅಂಗಳಕ್ಕೆ ಬರುವುದಕ್ಕೆ ಬಹಳ ಮೊದಲೇ, ಸದ್ದಿಲ್ಲದೆ, ನೆಲದಡಿಯ ದಾರಿಯಿಂದ ಬಾವಿಗೆ ಬರಬಲ್ಲದು.

ಮುಂಬಯಿಯಲ್ಲಿ ನೆಲಸಿರುವ ಕನ್ನಡಿಗರು ಕಡಲ ಮಗ್ಗುಲಲ್ಲೇ ವಾಸವಾಗಿದ್ದರೂ ಅವರ ನಲ್ಲಿಗೆ ಬರುವುದು ತಾನಸಾ, ವೈತರಣಾ, ಭಾತ್ಸಾ ಮುಂತಾದ ದೂರದ ಜಲಾಶಯಗಳ ಸಿಹಿನೀರು. ಆದರೆ ಅವರಲ್ಲಿ ಅನೇಕರ ಹಿರಿಯರು ದಕ್ಷಿಣ ಕನ್ನಡ, ಉಡುಪಿ, ಉತ್ತರ ಕನ್ನಡ ಜಿಲ್ಲೆಗಳ ಮನೆಗಳಲ್ಲಿ ಇಂದಿಗೂ ಬಾವಿಯ ನೀರನ್ನೇ ನಂಬಿ ಬದುಕುತ್ತಿದ್ದಾರೆ. ಆದುದರಿಂದ ಈ ವಿಷಯವು ಊರಿನಲ್ಲಿರುವವರಿಗೆ ಎಷ್ಟೋ, ಊರು ಬಿಟ್ಟು ಬಂದವರಿಗೂ ಅಷ್ಟೇ ಸಂಬಂಧಿಸಿದುದು.

ಕಡಲು ಏರುವುದೇಕೆ?

ಕಲ್ಲಿದ್ದಲು, ತೈಲ ಮುಂತಾದ ಇಂಧನಗಳನ್ನು ಉರಿಸುವುದರಿಂದ ವಾತಾವರಣದಲ್ಲಿ ಇಂಗಾಲದ ಡೈ ಆಕ್ಸೈಡ್ ಹೆಚ್ಚಿ, ಭೂಮಿಯ ಶಾಖ ಏರುತ್ತಿದೆ. ಆ ಹೆಚ್ಚುವರಿ ಶಾಖದ ಬಹುಪಾಲನ್ನು ಹೀರಿಕೊಳ್ಳುವುದು ಸಾಗರ. ಕಾದ ನೀರು ಹಿಗ್ಗುತ್ತದೆ. ಜೊತೆಗೆ ಪರ್ವತಗಳ ಹಿಮನದಿಗಳೂ ಗ್ರೀನ್‌ಲ್ಯಾಂಡ್, ಅಂಟಾರ್ಕ್ಟಿಕಾಗಳ ಮಂಜಿನ ಹಾಸುಗಳೂ ಕರಗಿ ಕಡಲನ್ನು ಸೇರುತ್ತವೆ. ಹವಾಮಾನ ಬದಲಾವಣೆಯನ್ನು ಕುರಿತ ಅಂತರಸರಕಾರಿ ಸಮಿತಿಯ 2021ರ ವರದಿಯಂತೆ, 1901ರಿಂದ 2018ರವರೆಗೆ ಜಗತ್ತಿನ ಸರಾಸರಿ ಕಡಲ ಮಟ್ಟ ಸುಮಾರು 20 ಸೆಂಟಿಮೀಟರ್ ಏರಿದೆ. 1901ರಿಂದ 1971ರವರೆಗೆ ವರುಷಕ್ಕೆ 1.3 ಮಿಲಿಮೀಟರ್ ಇದ್ದ ಏರಿಕೆಯ ವೇಗ, 2006ರಿಂದ 2018ರ ಅವಧಿಯಲ್ಲಿ 3.7 ಮಿಲಿಮೀಟರಿಗೆ ಮುಟ್ಟಿದೆ. ಮುಂಬಯಿಯ ಅಪೋಲೋ ಬಂದರಿನಲ್ಲಿ 1878ರಿಂದ ನಡೆದುಬಂದ ಉಬ್ಬರ-ಇಳಿತಗಳ ದಾಖಲೆಯೂ ಏರಿಕೆಯನ್ನೇ ತೋರಿಸುತ್ತದೆ.

ಇದರೊಡನೆ ಅರಬ್ಬೀ ಸಮುದ್ರದ ಮೇಲ್ಮೈ ಬಿಸಿಯಾಗುತ್ತಿದ್ದು, ತೀವ್ರ ಚಂಡಮಾರುತಗಳು ಹೆಚ್ಚಿವೆ. 2021ರ ಮೇ ತಿಂಗಳಿನ ತೌಕ್ತೆ ಚಂಡಮಾರುತದ ಅಲೆಗಳು ಉಳ್ಳಾಲ, ಕಾಪು ಮೊದಲಾದೆಡೆ ದಡವನ್ನು ಕೊರೆದುದನ್ನು ಕರಾವಳಿಯವರು ಮರೆತಿರಲಾರರು. ಆದರೆ ಚಂಡಮಾರುತ ಬಂದು ಹೋಗುವಂಥದು. ನೆಲದಡಿಯ ಉಪ್ಪುನೀರು ಒಮ್ಮೆ ಒಳಗೆ ಬಂದರೆ ಬೇಗನೆ ಹಿಂದಿರುಗುವಂಥದಲ್ಲ.

ಸಿಹಿನೀರು ತೇಲುವ ಪರಿ

ಕಡಲತಡಿಯ ಮಳಲಿನಲ್ಲಿ ತೋಡಿದ ಬಾವಿಯಲ್ಲಿ ಸಿಹಿನೀರು ಸಿಗುವುದು ಹೇಗೆ? ಉಪ್ಪುನೀರು ಸಿಹಿನೀರಿಗಿಂತ ತುಸು ಭಾರ. ನೂರು ಕೊಡ ಸಮುದ್ರದ ನೀರು ತೂಕದಲ್ಲಿ ಸುಮಾರು ನೂರಎರಡೂವರೆ ಕೊಡ ಸಿಹಿನೀರಿಗೆ ಸಮ. ಆದುದರಿಂದ ಮಳೆಯಿಂದ ಇಂಗಿದ ನೀರು, ನೆಲದಡಿಯಲ್ಲಿ ಚಾಚಿಕೊಂಡಿರುವ ಉಪ್ಪುನೀರಿನ ಮೇಲೆ ತೇಲುತ್ತಿರುತ್ತದೆ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಹಾಲೆಂಡಿನ ಗೈಬೆನ್ ಎಂಬವರೂ 1901ರಲ್ಲಿ ಜರ್ಮನಿಯ ಹರ್ಜ್‌ಬರ್ಗ್ ಎಂಬವರೂ ಈ ಸಮತೋಲದ ಲೆಕ್ಕವನ್ನು ಕಂಡುಕೊಂಡರು. ಕಡಲ ಮಟ್ಟಕ್ಕಿಂತ 1 ಮೀಟರ್ ಎತ್ತರಕ್ಕೆ ಸಿಹಿನೀರು ನಿಂತಿದ್ದರೆ, ಆ ಮಟ್ಟದ ಕೆಳಗೆ ಸುಮಾರು 40 ಮೀಟರ್ ಆಳದವರೆಗೂ ಸಿಹಿನೀರು ಇರುತ್ತದೆ ಎಂಬುದೇ ಆ ಲೆಕ್ಕ.

ಇದರ ಇನ್ನೊಂದು ಮುಖ ಕಳವಳಕ್ಕೆ ಕಾರಣವಾದುದು. ಮೇಲಿನ ಸಿಹಿನೀರು 1 ಮೀಟರ್ ಇಳಿದರೆ ಕೆಳಗಿನ ಉಪ್ಪುನೀರು, ಲೆಕ್ಕದ ಪ್ರಕಾರ, 40 ಮೀಟರ್ ಮೇಲೇರಬಲ್ಲದು. ಕಡಲು 20 ಸೆಂಟಿಮೀಟರ್ ಏರಿ, ಬಾವಿಯ ನೀರಿನ ಮಟ್ಟ ಮಾತ್ರ ಇದ್ದಲ್ಲೇ ಉಳಿದರೆ 8 ಮೀಟರಿನಷ್ಟು ಸಿಹಿನೀರಿನ ಆಳ ನಷ್ಟವಾಗುತ್ತದೆ. ನೆಲದ ಗುಣಕ್ಕೆ ತಕ್ಕಂತೆ ಈ ಅಂಕೆ ಬದಲಾಗುವುದಾದರೂ ತತ್ತ್ವ ಬದಲಾಗದು.

ಇಲ್ಲಿ ಕಡಲೊಂದನ್ನೇ ದೂರುವುದು ನ್ಯಾಯವಲ್ಲ. ಇಂದು ಅನೇಕ ಕಡೆಗಳಲ್ಲಿ ಬಾವಿಯನ್ನು ಉಪ್ಪಾಗಿಸುವುದರಲ್ಲಿ ಕಡಲಿಗಿಂತ ಪಂಪುಗಳ ಪಾಲೇ ದೊಡ್ಡದು. ಚೆನ್ನೈಯ ಉತ್ತರಕ್ಕಿರುವ ಮಿಂಜೂರು ಪ್ರದೇಶದಲ್ಲಿ ಮಿತಿಮೀರಿ ಅಂತರ್ಜಲವನ್ನು ಎತ್ತಿದುದರಿಂದ ಸಮುದ್ರದ ನೀರು ಹಲವು ಕಿಲೋಮೀಟರ್ ಒಳನಾಡಿಗೆ ನುಗ್ಗಿದುದು ಇದಕ್ಕೆ ಸಾಕ್ಷಿ. ನದಿಗಳ ತಳದಿಂದ ಮರಳನ್ನು ಬಗೆದರೆ ಉಬ್ಬರದ ನೀರು ಅಳಿವೆಯಿಂದ ಇನ್ನೂ ಮೇಲಕ್ಕೆ ಏರುತ್ತದೆ. ಮೇಲಿನಿಂದ ಮನುಷ್ಯ ಸೆಳೆಯುತ್ತಾನೆ. ಕೆಳಗಿನಿಂದ ಕಡಲು ಒತ್ತುತ್ತದೆ. ಮುಂದಿನ ದಶಕಗಳಲ್ಲಿ ಈ ಎರಡನೆಯ ಒತ್ತಡ ಹೆಚ್ಚುತ್ತಲೇ ಹೋಗುವುದು.

ದೇಹದ ಮೇಲಣ ಪರಿಣಾಮ

ವಯಸ್ಕರು ದಿನಕ್ಕೆ 5 ಗ್ರಾಮಿಗಿಂತ ಕಡಮೆ ಉಪ್ಪನ್ನು ಸೇವಿಸಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಇದು ಒಂದು ಚಹಾ ಚಮಚೆಯಷ್ಟು. ಇನ್ನು ನೀರಿನ ಲೆಕ್ಕ. ಭಾರತೀಯ ಮಾನಕದಂತೆ ಕುಡಿಯುವ ನೀರಿನಲ್ಲಿ ಲೀಟರಿಗೆ 250 ಮಿಲಿಗ್ರಾಂ ಕ್ಲೋರೈಡ್ ಇರಬಹುದು. ಬೇರೆ ನೀರು ಸಿಗದಿದ್ದಲ್ಲಿ ಮಾತ್ರ 1000 ಮಿಲಿಗ್ರಾಂವರೆಗೆ ಅನುಮತಿಯಿದೆ. ಈ ಕ್ಲೋರೈಡ್ ಅಡಿಗೆಯುಪ್ಪಿನ ರೂಪದಲ್ಲಿದೆ ಎಂದಿಟ್ಟುಕೊಂಡರೆ, 1000 ಮಿಲಿಗ್ರಾಂ ಇರುವ ನೀರನ್ನು ದಿನಕ್ಕೆ 3 ಲೀಟರ್ ಕುಡಿದವರ ದೇಹಕ್ಕೆ ನೀರಿನಿಂದಲೇ ಸುಮಾರು 5 ಗ್ರಾಂ ಉಪ್ಪು ಸೇರಿತು! ಸಾರು, ಉಪ್ಪಿನಕಾಯಿ, ಒಣಮೀನುಗಳ ಲೆಕ್ಕ ಇನ್ನೂ ಬೇರೆ. ಕರಾವಳಿಯವರ ನಿತ್ಯದ ಗಂಜಿಯಲ್ಲಂತೂ ಬೇಯಿಸಿದ ನೀರೂ ಬಟ್ಟಲಿಗೇ ಬರುತ್ತದೆ. ರಕ್ತದೊತ್ತಡಕ್ಕೆ ಮಾತ್ರೆ ತೆಗೆದುಕೊಳ್ಳುತ್ತ, ವೈದ್ಯರು ಹೇಳಿದಂತೆ ಊಟದಲ್ಲಿ ಉಪ್ಪು ಬಿಟ್ಟರೂ ಒತ್ತಡ ಇಳಿಯದ ವೃದ್ಧರ ವಿಷಯದಲ್ಲಿ ಬಾವಿಯ ಕಡೆಗೂ ಒಮ್ಮೆ ನೋಡುವುದು ಒಳಿತು.

ಉಪ್ಪಿನಲ್ಲಿರುವ ಸೋಡಿಯಂ ದೇಹದಲ್ಲಿ ನೀರನ್ನು ಹಿಡಿದಿಡುತ್ತದೆ. ರಕ್ತದ ಪ್ರಮಾಣ ಹೆಚ್ಚಿ ಹೃದಯಕ್ಕೂ ರಕ್ತನಾಳಗಳಿಗೂ ಶ್ರಮವಾಗುತ್ತದೆ. ಮೂತ್ರಪಿಂಡದ ರೋಗಿಗಳು, ಹೃದ್ರೋಗಿಗಳು ಮತ್ತು ಗರ್ಭಿಣಿಯರು ವಿಶೇಷ ಎಚ್ಚರಿಕೆಯಿಂದಿರಬೇಕಾದವರು. ಬಾಂಗ್ಲಾದೇಶದ ಖುಲ್ನಾ ಜಿಲ್ಲೆಯ ಡಾಕೋಪ್ ಎಂಬಲ್ಲಿ ನಡೆದು 2011ರಲ್ಲಿ ಪ್ರಕಟವಾದ ಅಧ್ಯಯನವೊಂದು ಗಮನಾರ್ಹವಾದುದು. ಅಲ್ಲಿ ಒಣಹವೆಯ ಕಾಲದಲ್ಲಿ ಕುಡಿಯುವ ನೀರಿನಿಂದಲೇ ದಿನಕ್ಕೆ 5ರಿಂದ 16 ಗ್ರಾಂ ಸೋಡಿಯಂ ದೇಹವನ್ನು ಸೇರುತ್ತಿತ್ತೆಂದು ಅಂದಾಜು, ಮಳೆಗಾಲದಲ್ಲಿ 0.6ರಿಂದ 1.2 ಗ್ರಾಂ ಮಾತ್ರ. ಆಸ್ಪತ್ರೆಗೆ ಬಂದ ಗರ್ಭಿಣಿಯರಲ್ಲಿ ಅಧಿಕ ರಕ್ತದೊತ್ತಡವು ಒಣಹವೆಯ ಕಾಲದಲ್ಲಿ ನೂರಕ್ಕೆ 12.2ರಷ್ಟು, ಮಳೆಗಾಲದಲ್ಲಿ 5.1ರಷ್ಟು ಕಂಡುಬಂತು. ಎಲ್ಲ ಅಧ್ಯಯನಗಳೂ ಒಂದೇ ಮಾತನ್ನು ಹೇಳುವುದಿಲ್ಲವೆಂಬುದೂ ನಿಜ. ಅಲ್ಪ ಪ್ರಮಾಣದಲ್ಲಿ ಉಪ್ಪಾದ ನೀರಿನಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂಗಳು ರಕ್ತದೊತ್ತಡವನ್ನು ತುಸು ತಗ್ಗಿಸಬಹುದೆಂದು ಮುಂದಿನ ಕೆಲವು ಅಧ್ಯಯನಗಳು ಸೂಚಿಸಿವೆ. ಆದರೆ ಅದನ್ನೇ ನೆಪವಾಗಿಟ್ಟುಕೊಂಡು ಉಪ್ಪುನೀರನ್ನು ಕುಡಿಯುತ್ತ ಹೋಗುವುದು ವಿವೇಕವಲ್ಲ.

ನಾಲಿಗೆಯನ್ನು ನಂಬಿ ಕೂರುವಂತಿಲ್ಲ. ವರುಷದಿಂದ ವರುಷಕ್ಕೆ ಮೆಲ್ಲನೆ ಏರುವ ಉಪ್ಪಿಗೆ ನಾಲಿಗೆ ಒಗ್ಗಿಹೋಗುತ್ತದೆ. ಸಾಬೂನು ನೊರೆ ಕಟ್ಟದಿರುವುದು, ಬೇಳೆ ಬೇಗ ಬೇಯದಿರುವುದು ನೀರು ಬದಲಾಗಿದೆ ಎಂಬುದರ ಸೂಚನೆಗಳು. ನೆಂಟರು ಬಂದಾಗ ‘ನೀರು ಸ್ವಲ್ಪ ಉಪ್ಪು’ ಎಂದರೆ ಆ ಮಾತನ್ನು ಕಡೆಗಣಿಸಬಾರದು.

ಮಾಡಬೇಕಾದುದೇನು?

ಮೊದಲನೆಯದಾಗಿ, ನೀರಿನ ಪರೀಕ್ಷೆ. ಜಿಲ್ಲೆಯ ಸರಕಾರಿ ಪ್ರಯೋಗಾಲಯಗಳಲ್ಲಿ ಇದಕ್ಕೆ ಅನುಕೂಲವಿದೆ. ನೀರಿನ ಮಾದರಿಯನ್ನು ಏಪ್ರಿಲ್-ಮೇ ತಿಂಗಳಲ್ಲಿ ತೆಗೆಯಬೇಕು. ಮಳೆಗಾಲ ಮುಗಿದೊಡನೆ ತೆಗೆದ ನೀರು ಸಿಹಿಯಾಗಿಯೇ ಇದ್ದು ಮೋಸಗೊಳಿಸಬಹುದು.

ಎರಡನೆಯದಾಗಿ, ಕುದಿಸುವುದರಿಂದ ರೋಗಾಣುಗಳು ಸಾಯುತ್ತವೆಯೇ ಹೊರತು ಉಪ್ಪು ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಪ್ಪು ಗಾಢವಾಗುತ್ತದೆ. ಸ್ಫಟಿಕ, ಸಾಧಾರಣ ಫಿಲ್ಟರುಗಳಿಂದಲೂ ಪ್ರಯೋಜನವಿಲ್ಲ. ಆರ್.ಓ. ಯಂತ್ರ ಉಪ್ಪನ್ನು ತೆಗೆಯುತ್ತದೆ. ಆದರೆ ಬಹಳಷ್ಟು ನೀರನ್ನು ಹೊರಚೆಲ್ಲುತ್ತದೆ. ಬೇಸಗೆಯ ಎರಡು-ಮೂರು ತಿಂಗಳು ಕುಡಿಯಲು ಮತ್ತು ಅಡಿಗೆಗೆ ಮಾತ್ರ ಬೇರೆ ಸಿಹಿನೀರಿನ ಏರ್ಪಾಡು ಮಾಡಿಕೊಂಡು, ಬಾವಿಯ ನೀರನ್ನು ಇತರ ಕೆಲಸಗಳಿಗೆ ಬಳಸುವುದು ಸುಲಭವಾದ ದಾರಿ.

ಮೂರನೆಯದಾಗಿ, ಮಳೆನೀರು. ದಕ್ಷಿಣ ಕನ್ನಡ, ಉಡುಪಿ ಜಿಲ್ಲೆಗಳಲ್ಲಿ ವರುಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುತ್ತದೆ. 100 ಚದರ ಮೀಟರಿನ ಮಾಡಿನ ಮೇಲೆ ಬೀಳುವ ನೀರೇ ಮೂರು ಲಕ್ಷ ಲೀಟರನ್ನು ಮೀರುತ್ತದೆ. ಮೊದಲ ಮಳೆಯ ಕೊಳೆಯನ್ನು ಹೊರಬಿಟ್ಟು, ಉಳಿದುದನ್ನು ಜಲ್ಲಿ, ಇದ್ದಿಲು, ಮರಳುಗಳ ಮೂಲಕ ಸೋಸಿ ಬಾವಿಗೆ ಇಳಿಸಿದರೆ ತೇಲುವ ಸಿಹಿನೀರಿನ ಪದರ ದಪ್ಪವಾಗುತ್ತದೆ; ಉಪ್ಪುನೀರನ್ನು ಹಿಂದಕ್ಕೆ ತಳ್ಳುವ ಶಕ್ತಿ ಅದಕ್ಕೆ ಮಾತ್ರ ಉಂಟು. ತಮಿಳುನಾಡು 2003ರಲ್ಲಿ ಕಟ್ಟಡಗಳಿಗೆ ಮಳೆನೀರಿನ ಸಂಗ್ರಹವನ್ನು ಕಡ್ಡಾಯಗೊಳಿಸಿತು. ಊರಿನವರೆಲ್ಲ ಸೇರಿ ತೋಡುಗಳ ಕಿಂಡಿ ಅಣೆಕಟ್ಟುಗಳಿಗೆ ಸಕಾಲದಲ್ಲಿ ಹಲಗೆ ಹಾಕುವುದು, ಅಳಿವೆಗಳ ಕಾಂಡ್ಲಾ ಕಾಡನ್ನು ಕಡಿಯದೆ ಉಳಿಸುವುದು, ಪಂಪಿನ ಬಳಕೆಗೆ ಮಿತಿ ಹಾಕಿಕೊಳ್ಳುವುದು ಇವೆಲ್ಲವೂ ಇದೇ ಕಾರ್ಯದ ಅಂಗಗಳು.

ಬೇಸಗೆಯ ರಜೆಯಲ್ಲಿ ಊರಿಗೆ ಹೋಗುವ ಕನ್ನಡಿಗರು ಹಿರಿಯರಿಗಾಗಿ ಸೀರೆ, ಸಿಹಿತಿಂಡಿಗಳನ್ನು ಕೊಂಡೊಯ್ಯುವುದು ವಾಡಿಕೆ. ಹೋದಾಗ ಅವರ ರಕ್ತದೊತ್ತಡವನ್ನು ಒಮ್ಮೆ ಅಳೆಯಿಸಿ, ಬಾವಿಯ ನೀರನ್ನು ಒಂದು ಸೀಸೆಯಲ್ಲಿ ತುಂಬಿ ಪರೀಕ್ಷೆಗೆ ಕೊಟ್ಟು ಬಂದರೆ ಅದಕ್ಕಿಂತ ಬೆಲೆಯುಳ್ಳ ಉಡುಗೊರೆ ಬೇರೊಂದಿರಲಾರದು. ಮಾಡಿನ ನೀರನ್ನು ಬಾವಿಗೆ ಇಳಿಸುವ ಕೊಳವೆಯನ್ನು ಮಳೆಗಾಲಕ್ಕೆ ಮುಂಚೆಯೇ ಜೋಡಿಸಿ ಬಂದರಂತೂ ಮನೆಯ ಮುಂದಿನ ಪೀಳಿಗೆಗೂ ಅದರ ಫಲ ಸಲ್ಲುವುದು.